ಎರಡು ಬೆರಳು ಫೋಮ್

ಜುಲೈ 8, ಸೋಮವಾರ. ಬೆಳಿಗ್ಗೆ

ಇವತ್ತೂ ಮಳೆಗೆ ಬೈಕಿನ ಸೀಟು ಒದ್ದೆ. ನಿನ್ನೆ ಪ್ಲಾಸ್ಟಿಕ್ ಕವರ್ ಹಾಕಿ ದಾರ ಕಟ್ಟಿದ್ದೆ. ಅತ್ತೆ ಬಿಚ್ಚಿ ಬಿಸಾಕಿದ್ದಾರೆ. ಕೇಳಿದ್ದಕ್ಕೆ, "ಹೆಣಕ್ಕೆ ಸುತ್ತಿದಂಗೆ ಸುತ್ತಿದ್ದಿ. ನೋಡಾಕಾಗಲ್ಲ ನನಗೆ."

ಟ್ಯಾಂಕಿನ ಹತ್ತಿರ ರೆಕ್ಸಿನ್ ಬಾಯಿ ಬಿಟ್ಟಿದೆ. ನಮ್ಮನೆಯವರು ಅಂಟಿಸಿದ್ದ ಟೇಪು ಸುರುಳಿ ಸುತ್ತಿಕೊಂಡಿದೆ. ಒಳಗಿನ ಫೋಮ್ ಹೊರಗೆ ಇಣುಕುತ್ತದೆ, ಇದ್ದಿಲಿನ ಹಾಗೆ ಕಪ್ಪು. ಅತ್ತೆ ದಿನಾ ಎದ್ದ ಕೂಡಲೇ ಸೀಟು ಒರೆಸಿ, ಆ ಫೋಮನ್ನು ಬೆರಳಿಂದ ಒಳಗೆ ತಳ್ಳುತ್ತಾರೆ. ಮಗನ ಕೂದಲು ಸರಿ ಮಾಡಿದ ಹಾಗೆ. ಫೆಬ್ರವರಿಯಿಂದ ಇದೇ. ಜಾಂಡೀಸ್ ಅಂತ ಆಸ್ಪತ್ರೆಗೆ ಹೋದ ನಮ್ಮನೆಯವರು ವಾಪಸ್ ಬರಲಿಲ್ಲ. ಗಾಡಿ ಮಾತ್ರ ಇದೆ.

ನನ್ನ ಮುಖ ನೋಡಿ ಮಾತಾಡುವುದಿಲ್ಲ ಈ ಅತ್ತೆ. ಸೀಟಿನ ಜೊತೆ ಮಾತಾಡುತ್ತಾರೆ.

ಜುಲೈ 10, ಬುಧವಾರ

ಚನ್ನಗಿರಿ ಬಸ್ ಸ್ಟ್ಯಾಂಡ್ ಮುಂದೆ ಬಿದ್ದೆ. ಗಾಡಿ ನಿಲ್ಲಿಸಿದರೆ ಕಾಲು ನೆಲಕ್ಕೆ ಸಿಗುವುದಿಲ್ಲ. ಬೆರಳ ತುದಿ ಅಷ್ಟೇ. ಅವರ ಎತ್ತರಕ್ಕೆ ಇದ್ದ ಗಾಡಿ. ಮೊಣಕೈ ತರಚಿದೆ. ಮೆಡಿಕಲ್ ಶಾಪಿಗೆ ಲೇಟ್. ಓನರ್ ಗಡಿಯಾರ ನೋಡಿ, "ಇನ್ನೊಂದ್ಸಲ ಹಿಂಗಾದ್ರೆ ಬೇರೆಯವರನ್ನ ನೋಡ್ಕೋತೀನಮ್ಮ" ಅಂದರು. ನಲ್ಲೂರಿನಿಂದ ಬಸ್ಸಿಗೆ ಹೋದರೆ ದಿನಾ ಲೇಟೇ. ಗಾಡಿ ಇಲ್ಲ ಅಂದರೆ ಈ ಕೆಲಸ ಇಲ್ಲ.

ಸಂಜೆ ಮೊಣಕೈಗೆ ಔಷಧಿ ಹಚ್ಚುತ್ತಿದ್ದೆ. ಅತ್ತೆ ಬಂದು ಗಾಡಿಗೆ ಏಟಾಗಿದೆಯಾ ಅಂತ ನೋಡಿದರು. ಗಾಡಿಗೆ.

"ಹೆಂಗಸರು ಓಡ್ಸೋ ಗಾಡಿ ಅಲ್ಲ ಇದು. ಜಗಳೂರಿಂದ ಅರುಣ ಬರ್ತಾನೆ ಈ ತಿಂಗಳ ಕೊನೆಗೆ. ತಗೊಂಡು ಹೋಗ್ಲಿ."

ಅರುಣ್ ಕುಮಾರ್, ನಾದಿನಿಯ ಗಂಡ. ಮಗನ ಗಾಡಿ ಅಳಿಯನಿಗೆ. ಸೊಸೆ ಬಸ್ಸಿಗೆ.

ಇಲ್ಲಿ ಬರೆಯುತ್ತೇನೆ: ಕೊಡುವುದಿಲ್ಲ.

ಜುಲೈ 13, ಶನಿವಾರ

ಸೀಟು ಹೊಲಿಯುವ ಪರಶುರಾಮ್ ಹತ್ತಿರ ಹೋದೆ. ಹೊಸ ಸೀಟಿನ ರೇಟು ಕೇಳಿ ಗಾಡಿ ತಿರುಗಿಸಿದೆ.

"ಅಕ್ಕಾರೆ, ಹೊಸ ಸೀಟು ಹಾಕ್ಸಿದ್ರೆ ನಿಮ್ಮ ಕಾಲು ಉದ್ದ ಆಗ್ತವೇನು? ಇದ್ರಾಗೇ ಎರಡು ಬೆರಳು ಫೋಮ್ ಕೊಯ್ತೀನಿ. ಮೇಲೆ ಹೊಸ ರೆಕ್ಸಿನ್. ಕೊಯ್ದ ತುಂಡು ನನಗೆ ಬಿಡ್ರಿ, ರೆಕ್ಸಿನ್‌ಗೆ ಏನೂ ಕೊಡಬ್ಯಾಡ್ರಿ. ಕಂಪನಿ ಫೋಮ್, ಇನ್ನೊಂದು ಗಾಡಿಗೆ ಆಗ್ತೈತೆ."

ಬಿಟ್ಟೆ. ಎರಡು ಸಲ ಯೋಚನೆ ಮಾಡಲಿಲ್ಲ. ಸ್ಟೇಪ್ಲರ್ ಪಿನ್ ಕಿತ್ತು, ಹಳೇ ರೆಕ್ಸಿನ್ ಸುಲಿದು ಪಕ್ಕಕ್ಕೆ ಹಾಕಿದ. ಉದ್ದನೆ ಬ್ಲೇಡಿನಲ್ಲಿ ಕೊಯ್ಯುವಾಗ ನಾನು ರಸ್ತೆ ಕಡೆ ನೋಡುತ್ತಾ ನಿಂತೆ. ಅವರ ಬೆನ್ನಿಗೆ ಒರಗಿ ಕೂತವಳು ನಾನೂ. ಅತ್ತೆಗೆ ಅದು ನೆನಪೇ ಆಗುವುದಿಲ್ಲ.

ಎರಡೂ ಪಾದ ನೆಲಕ್ಕೆ ಊರಿದವು. ಮನೆತನಕ ಅಳುತ್ತಾ ಓಡಿಸಿದೆ. ಬೀಳಲಿಲ್ಲ.

ಜುಲೈ 14, ಭಾನುವಾರ

ಬೆಳಿಗ್ಗೆ ಸೀಟು ಒರೆಸಲು ಹೋದ ಅತ್ತೆಯ ಕೈ ಅಲ್ಲೇ ನಿಂತಿತು.

"ತೆಗೆದಿದ್ದು ಎಲ್ಲೈತೆ?"

"ಅಂಗಡಿಯವನಿಗೆ ಬಿಟ್ಟೆ, ಅತ್ತೆ. ರೆಕ್ಸಿನ್ ದುಡ್ಡಿಗೆ ವಜಾ ಮಾಡಿಕೊಂಡ."

"ನನ್ನ ಮಗ ಕೂತಿದ್ದ ಜಾಗ. ಕೊಯ್ಸಿ, ಯಾರಿಗೋ ಕೊಟ್ಟು ಬಂದಿದ್ದಿ."

"ಹರಿದಿತ್ತು ಅದು."

"ನಿನಗೆ ಹರಿದಿತ್ತು."

ಪಕ್ಕದ ಮನೆ ಅನ್ನಪೂರ್ಣಮ್ಮನಿಗೆ ಕೇಳುವ ಹಾಗೆ ಅಂದರು: "ಅವನನ್ನ ಮಾರಿ ಬಂದಾಳೆ, ಒಂದು ಗೇಣು ರೆಕ್ಸಿನ್ನಿಗೆ."

ತಟ್ಟೆ ಕೂಡ ಬೇರೆ ಇಟ್ಟುಕೊಂಡಿದ್ದಾರೆ ಈಗ. ಇಟ್ಟುಕೊಳ್ಳಲಿ. ಈಕೆಯ ಕೆಮ್ಮು ಕೇಳಿದರೂ ಮೈ ಉರಿಯುತ್ತದೆ. ಬರೆಯಬಾರದು. ಬರೆದೆ.

ಜುಲೈ 22, ಸೋಮವಾರ. ಸಂಜೆ

ಎಂಟು ದಿನ ಮಾತಿಲ್ಲ. ಬರೆಯಲು ಏನೂ ಇರಲಿಲ್ಲ.

ಇವತ್ತು ಪರಶುರಾಮ್ ಅಂಗಡಿ ಮುಂದೆ ಬರುವಾಗ ಕೈ ಅಡ್ಡ ಹಾಕಿ ನಿಲ್ಲಿಸಿದ.

"ನಿಮ್ಮ ಅತ್ತೇರು ಬಂದಿದ್ರು. ಬೆಳಿಗ್ಗಿಂದ ಮೆಟ್ಟಿಲ ಮೇಲೆ ಕೂತಿದ್ರು. ಚಾ ತರ್ಸಿದ್ರೆ ಮುಟ್ಟಲಿಲ್ಲ. 'ನನ್ನ ಮಗಂದು ಕೊಡು, ಹೋಗ್ತೀನಿ' ಅಂತ ಒಂದೇ ಮಾತು. ಅದು ಆಗಲೇ ಯಾರದೋ ಗಾಡಿಗೆ ಹೋಗೈತೆ. ಗಿರಾಕಿ ಬರಾಕೆ ಹೆದರ್ತಾವೆ. ಹೆಂಗೆ ಮಾಡ್ಲಿ, ಬೇರೆ ತುಂಡು ಒಂದು ಪೇಪರ್‌ನಾಗೆ ಸುತ್ತಿ ಕೊಟ್ಟು ಕಳಿಸ್ದೆ. ಹಳದಿದು. ಹೇಳಬ್ಯಾಡ್ರಿ ಮತ್ತೆ."

ಮನೆಗೆ ಬಂದರೆ ಅತ್ತೆ ಮಂಚದ ಮೇಲೆ. ತಲೆಯ ಕೆಳಗೆ ನಮ್ಮನೆಯವರ ಹಳೇ ಲುಂಗಿಯ ಗಂಟು. ನನ್ನ ಸಪ್ಪಳ ಕೇಳಿ ಗೋಡೆ ಕಡೆ ತಿರುಗಿದರು. ಗೆದ್ದವರ ಬೆನ್ನು.

ಈಗ ನನ್ನ ಹತ್ತಿರ ಒಂದು ಮಾತಿದೆ. ಮಲಗಿರುವುದು ಯಾರದೋ ಗಾಡಿಯ ಫೋಮಿನ ಮೇಲೆ, ಅತ್ತೆ. ಇನ್ನೊಂದು ಸಲ "ಮಾರಿ ಬಂದಾಳೆ" ಅನ್ನಲಿ. ಹೇಳಿಬಿಡುತ್ತೇನೆ.

ಜುಲೈ 28, ಭಾನುವಾರ

ಅರುಣ್ ಬಂದ. ಬಸ್ಸಿನಿಂದ ಇಳಿದಿದ್ದೇ ಹೆಲ್ಮೆಟ್ ಕೈಯಲ್ಲಿ. ಅತ್ತೆ ಕೀ ಕೊಟ್ಟರು. ನಾನು ಬಾಗಿಲಲ್ಲಿ ನಿಂತಿದ್ದೆ.

ಕೂತ. ಅವನೂ ಎತ್ತರದ ಆಳು. ಮೊಣಕಾಲು ಎರಡೂ ಮೇಲಕ್ಕೆ ಬಂದವು.

"ಏನಕ್ಕ ಇದು, ಸಣ್ಣ ಹುಡುಗ್ರ ಮೂರು ಗಾಲಿ ಸೈಕಲ್ ಮಾಡಿಟ್ಟಿದೀರಿ."

ಇಳಿದು ಸೀಟು ಒತ್ತಿ ನೋಡಿದ.

"ಕೊಯ್ದಿದ್ದು ಇದ್ರೆ ಕೊಡ್ರಿ ಅತ್ತೆ. ಜಗಳೂರಾಗೆ ಅದನ್ನೇ ಅಂಟಿಸಿ ಹೊಲಿಸ್ತೀನಿ. ಹೊಸದು ಯಾರು ಹಾಕ್ಸ್ತಾರೆ."

ಅತ್ತೆ ಒಳಗೆ ಹೋಗಿ ಗಂಟು ತಂದರು. ಎದೆಗೆ ಅವಚಿಕೊಂಡಿದ್ದರು. ಅರುಣ್ ಕೈ ಚಾಚಿದ. ಅವರು ಕೊಡಲಿಲ್ಲ.

"ಇದನ್ನ ಕೊಡಲ್ಲ."

"ಮತ್ತೆ ನಾನು ಹೆಂಗೆ ಕೂರಲಿ?"

"ಕೂರಬ್ಯಾಡ್ರಿ."

"ಬರೀ ಫೋಮ್ ಅತ್ತೆ ಅದು," ಅಂತ ನಕ್ಕ.

ಆ ನಗು ಕೆಡಿಸಿತು. ಅತ್ತೆ ಅವನ ಕೈಯಿಂದ ಕೀ ಕಿತ್ತುಕೊಂಡರು.

"ಮೂರೂವರೆಗೆ ಬಸ್ ಐತೆ ಅಳಿಯಂದ್ರೆ. ಊಟ ಮಾಡ್ಕೊಂಡು ಹೋಗ್ರಿ."

ಆ ತುಂಡು ಅವರದಲ್ಲ ಅಂತ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಗಂಟು ಅವನ ಕೈಗೆ ಹೋಗುತ್ತಿತ್ತು, ಅದರ ಹಿಂದೆಯೇ ಗಾಡಿ. ಅತ್ತೆಯ ಮೇಲಿನ ಕರುಣೆಯಿಂದ ಸುಮ್ಮನಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ. ಗಾಡಿಗೋಸ್ಕರ ಸುಮ್ಮನಿದ್ದೆ.

ಕೀ ಕಿಟಕಿಯ ಮೇಲೆ ಇಟ್ಟರು. ನನ್ನ ಕೈಗೆ ಕೊಡಲಿಲ್ಲ.

ಜುಲೈ 29, ಸೋಮವಾರ. ಶಾಪಿನಲ್ಲಿ

ಗಿರಾಕಿ ಇಲ್ಲ. ಬರೆಯುತ್ತಿದ್ದೇನೆ.

ಬೆಳಿಗ್ಗೆ ಗಾಡಿ ಹೊರಗೆ ತೆಗೆದೆ. ಸೀಟು ಒಣಗಿತ್ತು, ರಾತ್ರಿ ನಾನು ಹಾಕಿದ್ದ ಕವರ್ ಹಾಗೇ ಇತ್ತು. ಅತ್ತೆ ಗಂಟು ತಂದು ಸೀಟಿನ ಮೇಲೆ ಇಟ್ಟು ಬಿಚ್ಚಿದರು. ನನ್ನ ಮುಂದೆ ಬಿಚ್ಚಿದ್ದು ಇದೇ ಮೊದಲು. ಬಿಸಿಲಿಗೆ ಅರಿಶಿನದ ಹಾಗೆ ಹಳದಿ.

"ಅವನ ಹಿಂದೆ ಕೂತವಳು ನೀನು. ಹೇಳು. ಇದು ಅವಂದೇ ಹೌದಲ್ಲ?"

ಮಸೆದಿಟ್ಟುಕೊಂಡಿದ್ದ ಮಾತು ನಾಲಿಗೆಯ ಮೇಲೇ ಇತ್ತು.

"ಹೌದು ಅತ್ತೆ. ಅವರದೇ."

ನನ್ನ ಮುಖ ನೋಡಿದರು. ಫೆಬ್ರವರಿಯಿಂದ ಈಚೆಗೆ ಮೊದಲ ಸಲ. ಗಂಟು ಕಟ್ಟಿದರು, ಬಿಗಿಯಾಗಿ.

"ಹೋಗು, ಹೊತ್ತಾತು. ಬಿದ್ದರೆ ಎತ್ತಾಕೆ ಯಾರೂ ಇಲ್ಲ."

ದಾರಿಯಲ್ಲಿ ಅದೇ ಯೋಚನೆ. ದಿನಾ ಬೆಳಿಗ್ಗೆ ಆ ಕರಿ ಫೋಮನ್ನು ಬೆರಳಿಂದ ಒಳಗೆ ತಳ್ಳಿದವರು. ಈ ಹಳದಿ ತುಂಡು ಅದಲ್ಲ ಅಂತ ಬೇರೆ ಯಾರಿಗೆ ಗೊತ್ತಾಗದಿದ್ದರೂ ಅತ್ತೆಗೆ—