ಹಲಗೆಯ ಕೆಳಗಿನ ಸಂದು

ಭಾನುವಾರ, ಅಕ್ಟೋಬರ್ ೧೨

ಪ್ರೀತಿಯ ಮೊಳೆ,

ನಾನೂ ಅಮ್ಮನೂ ಚೆನ್ನಾಗಿದ್ದೇವೆ. ನೀನೂ ಹಾಗೇ ಇದ್ದೀಯ ಅಂದುಕೊಂಡು ಪೆನ್ನು ಹಿಡಿದಿದ್ದೇನೆ. ನಿನ್ನ ಎರಡು ಸಾಲಿನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲಿಲ್ಲ, ತಪ್ಪಾಯಿತು. ಕೈತುಂಬ ಕೆಲಸವಿತ್ತು ಅಂತ ಸುಳ್ಳು ಹೇಳುವುದಿಲ್ಲ. ಕೂತಾಗಲೆಲ್ಲ "ಪ್ರೀತಿಯ ಮೊಳೆ" ಅಂತ ಬರೆದು ಅಲ್ಲೇ ನಿಂತುಬಿಡುತ್ತಿದ್ದೆ. ಮೂರು ಹಾಳೆ ದಂಡವಾದವು. ಹುಟ್ಟಿದಾಗ ನೀನು ಕಡ್ಡಿಯಂತಿದ್ದೆ, ಚುಚ್ಚುವ ಬುದ್ಧಿಯೂ ಆಗಲೇ ಇತ್ತು, ಅದಕ್ಕೇ ಆ ಹೆಸರಿಟ್ಟೆ. ಕಿಟಕಿ ಕಾರ್ಖಾನೆಯಲ್ಲೂ ಹಾಗೇ ಕರೆಯುತ್ತಾರೋ, ಇಲ್ಲ ಅಲ್ಲಿ ದೊಡ್ಡ ಮನುಷ್ಯಳಾಗಿದ್ದೀಯೋ?

ಟೈಲರಮ್ಮನ ಮನೆಯನ್ನು ನೀನು ಮರೆತಿರಲಿಕ್ಕಿಲ್ಲ. ನಾವಿಬ್ಬರೂ ಸೇರಿ ಕಟ್ಟಿದ ಮೊದಲ ಮರದ ಚೌಕಟ್ಟಿನ ಮನೆ. ಎರಡೇ ವರ್ಷಕ್ಕೆ ಹೊರಗಿನ ಹಲಗೆಗಳ ಬುಡ ಕಪ್ಪಾಗಿ, ಬೆರಳಿಟ್ಟರೆ ಒಳಗೆ ಹೋಗುವಷ್ಟು ಮೆತ್ತಗಾಯಿತು. "ಬುಡದ ಕೆಲಸ ಮಗಳದ್ದು, ಸಂದು ಬಿಟ್ಟಿದ್ದಾಳೆ, ಅಲ್ಲಿಂದ ನೀರು ಹೊಕ್ಕಿದೆ" ಅಂದೆ ನಾನು. ಟೈಲರಮ್ಮ ಬೀದಿಗೆಲ್ಲ ಕೇಳುವಂತೆ ನಿನಗೆ ಬೈದರು. ನೀನು ಉಳಿಯನ್ನು ನನ್ನ ಪೆಟ್ಟಿಗೆಯಲ್ಲಿಟ್ಟು ಹೊರಟುಹೋದೆ. ಈಗ ಆ ಬುಡವನ್ನು ಬಿಚ್ಚಿ ಹೊಸದಾಗಿ ಮುಗಿಸುವ ಕೆಲಸ ನನ್ನ ತಲೆಗೇ ಬಂದಿದೆ. ನೀನು ಬರುತ್ತೀಯೋ ಇಲ್ಲವೋ, ಅದೊಂದು ಗೊತ್ತಾಗಬೇಕು ನನಗೆ.

ಯಾಕೆಂದರೆ ತಲೆ ಗಿರ್ರನೆ ತಿರುಗುತ್ತಿದೆ ಮಾರಾಯ್ತಿ! ಪೇಂಟರ್ ಬಂದು, "ಮೇಸ್ತ್ರಿ, ಸಂದಿಗೆಲ್ಲ ಪುಟ್ಟಿ ತುಂಬಿ ಬಣ್ಣ ಹೊಡೆದ್ಬಿಡಿ, ಹತ್ತು ವರ್ಷ ಯಾರಪ್ಪನೂ ಕೇಳಲ್ಲ" ಅಂದ. ಗಾರೆಯವನು, "ಹಲಗೆ ನೆಲಕ್ಕೇ ತಾಗ್ಲಿ, ಮುಂದೆ ನಾನೊಂದು ಗಾರೆ ಎಳೀತೀನಿ" ಅಂದ. ನಿನ್ನಮ್ಮ ಮಾತ್ರ, "ರೀ, ಮಗಳು ಹೇಳಿದ ಹಾಗೆ ಮಾಡಿ" ಅನ್ನುತ್ತಾಳೆ. ನೀನು ಹೇಳಿದ್ದು ಏನು? ಹಲಗೆ ನೆಲದಿಂದ ಒಂದು ಗೇಣು ಮೇಲೇ ನಿಲ್ಲಬೇಕು, ಹಲಗೆಯ ಹಿಂದೆ ಬೆರಳಗಲ ಟೊಳ್ಳಿರಬೇಕು, ಕೆಳಗೆ ಅದರ ಬಾಯಿಗೆ ಜಾಲರಿ. "ಅಪ್ಪಾ, ನೀರು ಹೇಗೂ ಒಳಗೆ ಹೋಗತ್ತೆ. ಹೊರಗೆ ಬರೋಕೆ ದಾರಿ ಬಿಡೋಣ" ಅಂದಿದ್ದೆ. ನಲವತ್ತು ವರ್ಷ ಸಂದು ಮುಚ್ಚಿಯೇ ಹೊಟ್ಟೆ ಹೊರೆದವನು ನಾನು. ಬೇಕೆಂದೇ ಸಂದು ಬಿಟ್ಟು ಕೆಲಸ ಮುಗಿಯಿತು ಅಂದರೆ ಕೈ ಕೇಳುವುದಿಲ್ಲ.

ಮೊನ್ನೆ ಹಲಗೆ ಬಿಚ್ಚಿದೆ. ಸಂದಿನ ತುಂಬ ಸಿಮೆಂಟು! ನಿನ್ನ ಜಾಲರಿಯ ಮೇಲೇ ಮೆತ್ತಿದೆ. ಹಲಗೆಯ ಹಿಂದೆ ಇಳಿದ ನೀರು ಹೋಗಲು ಜಾಗವಿಲ್ಲದೆ ಅಲ್ಲೇ ನಿಂತು ಮರವನ್ನು ತಿಂದುಹಾಕಿದೆ. ನೀರಿನ ತೊಟ್ಟಿಯ ಹಿಂದೆ, ಕೈ ಆಡದ ಕಡೆ ಮಾತ್ರ, ಒಂದು ಮಾರು ಉದ್ದ ಸಂದು ತೆರೆದೇ ಇತ್ತು. ಅಲ್ಲಿನ ಹಲಗೆ ತಟ್ಟಿದರೆ ಟಣ್ ಅಂತು. ಗೆದ್ದದ್ದು ನೀನೇ ಕಣೇ. ಸಿಮೆಂಟು ಹೇಗೆ ಬಂತು ಅಂತ ಸದ್ಯಕ್ಕೆ ಕೇಳಬೇಡ.

ಅಷ್ಟರಲ್ಲಿ ಅಮ್ಮ ಟೀ ತಂದಳು. ಕೆಳಗೆ ಬಿದ್ದ ಸಿಮೆಂಟಿನ ಚೂರೊಂದನ್ನು ಎತ್ತಿ, ತಿರುಗಿಸಿ ನೋಡಿ, ಆಮೇಲೆ ನನ್ನ ಕೈ ನೋಡಿದಳು. ಅದನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಈಗ ಅದು ಅಡುಗೆಮನೆಯ ಕಿಟಕಿಯಲ್ಲಿ ಕೂತಿದೆ, ಎದ್ದರೆ ಅದರದೇ ದರ್ಶನ.

ಇನ್ನೊಂದು ಕೇಳಬೇಕು. ಹಲಗೆಯ ಕೆಳಗಿನ ಅಂಚನ್ನು ಓರೆ ಕೊಯ್ಯಬೇಕು, ಹನಿ ಮುಂದಕ್ಕೆ ಬೀಳಬೇಕು ಅಂದಿದ್ದೆಯಲ್ಲ, ಓರೆ ಯಾವ ಕಡೆಗೆ? ಎರಡು ಥರವೂ ಕೊಯ್ದು ನೀರು ಹಾಕಿ ನೋಡಿದೆ. ಎರಡು ಸಲವೂ ನನ್ನ ಚಪ್ಪಲಿಗೇ ಬಿತ್ತು. ನಗಬೇಡ. ನಿನ್ನ ಉಳಿಯನ್ನು ಮಸೆದಿಟ್ಟಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಯಂತ್ರದ ಹತ್ತಿರ ಕೂದಲು ಬಿಗಿಯಾಗಿ ಕಟ್ಟಿಕೋ. ನಿನ್ನ ಕೈ ಎಂದೂ ಸೋಲದಿರಲಿ, ಮಗಳೇ.

ನಿನ್ನ
ಅಪ್ಪ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಸಿಮೆಂಟು ಮೆತ್ತಿದವನು ನಾನೇ. ನೀನು ಜಾಲರಿ ಹೊಡೆದ ಮರುದಿನ, ಇಲಿ ನುಗ್ಗುತ್ತದೆ, ನೋಡಿದವರು ಅರ್ಧಂಬರ್ಧ ಕೆಲಸ ಅನ್ನುತ್ತಾರೆ ಅಂತ ಹೆದರಿ, ನೀನಿಲ್ಲದಾಗ ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬಿದೆ. ಉಗುರಿಲ್ಲದ ಆ ಬೆರಳಿನ ಗುರುತು ಚೂರಿನ ಮೇಲೆ ಹಾಗೇ ಇದೆ. ನಿನ್ನ ಮೇಲೆ ತಪ್ಪು ಹೊರಿಸುವಾಗಲೂ ಅದು ನನಗೆ ನೆನಪಿತ್ತು. ಇವತ್ತು ಬೆಳಿಗ್ಗೆ ಹೋಗಿ ಟೈಲರಮ್ಮನ ಮುಂದೆ ಒಪ್ಪಿಕೊಂಡೆ. ಅವರು ಮೆಷಿನ್ನು ನಿಲ್ಲಿಸಿ, "ಅಯ್ಯೋ ಮೇಸ್ತ್ರಿ, ನಾನು ಬೈಯೋ ಮೊದಲೇ ನಿಮ್ಮ ಮಗಳು ಮಂಡಿಯೂರಿ ಆ ಸಂದಿಗೆ ಬೆರಳಾಡಿಸಿ ನೋಡಿದ್ಲಲ್ಲ!" ಅಂದರು. ಹೌದು, ನೋಡಿದ್ದೆ ನೀನು. ಎದ್ದವಳೇ ನನ್ನ ಕೈಯನ್ನೂ ನೋಡಿದ್ದೆ. ಆಮೇಲೆ ತಲೆತಗ್ಗಿಸಿ ಅಷ್ಟೂ ಬೈಗುಳ ತಿಂದೆ. ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ, ಮೊಳೆ?