ಹಾಳೂರಿನ ಒಲೆ

ಶುಕ್ರವಾರ, ೧೧ ಫೆಬ್ರವರಿ ೧೯೯೪

ಇವತ್ತು ಮಧ್ಯಾಹ್ನ ನನ್ನ ಕಣ್ಣೆದುರೇ ಕಮಲಾಪುರದ ಹಾಳೂರನ್ನು ಮಣ್ಣು ಹಾಕಿ ಮುಚ್ಚಿದರು. ಹೊಸ ಕಚೇರಿ ಕಟ್ಟುವ ಮೊದಲು ನೆಲದಡಿ ಹಳೆಯದೇನಾದರೂ ಇದೆಯೇ ಎಂದು ಅಗೆದಾಗ ಏಳುನೂರು ವರ್ಷ ಹಿಂದಿನ ಮನೆಗಳು ಸಿಕ್ಕಿದ್ದವು: ನೆಲ, ಒಲೆ, ಕಾಳು ತುಂಬಿಡುವ ನೆಲಗುಂಡಿ ಹಗೇವಿನ ತಳದಲ್ಲಿ ಕಪ್ಪಾದ ಜೋಳ. ಆದರೂ ಅಗೆತದ ವರದಿ ಬರೆಯುವ ಅಧಿಕಾರಿ, "ಗುಡಿ ಇಲ್ಲ, ಶಾಸನ ಇಲ್ಲ. ಏನೂ ಸಿಗಲಿಲ್ಲ ಅಂತ ಬರೀತೀನಿ" ಎಂದ.

ಮಣ್ಣು ಹೊರುತ್ತಿದ್ದ ಬಂಡೆಮ್ಮ ಸುಮ್ಮನಿರಲಿಲ್ಲ. "ದೇವರ ಗುಡಿ ಸಿಕ್ರ ಊರು, ಮನಷ್ಯಾರ ಮನಿ ಸಿಕ್ರ ಬರೇ ಮಣ್ಣೇನ್ರೀ, ಸಾಹೇಬ್ರ? ಒಲ್ಯಾಗ ಬೂದಿ ಇನ್ನಾ ಅದ ನೋಡ್ರಿ."

"ಹಂಗಾರ ನೀನೇ ರೊಟ್ಟಿ ಬಡಿ ಹೋಗು" ಎಂದು ನಕ್ಕ. ಆಮೇಲೆ ಅವಳ ಕೈಯಿಂದಲೇ ಆ ಒಲೆಗೆ ಮಣ್ಣು ಸುರಿಸಿದ.

ಎಂಬತ್ತೆರಡರಲ್ಲಿ ರಸ್ತೆಗಾಗಿ ಅರ್ಧ ಹಾಳೂರು ಕಿತ್ತಾಗಲೂ ಹೀಗೇ ಬರೆದಿದ್ದರು.

ಕಲಬುರಗಿಗೆ ಮರಳಿದ ಕೂಡಲೇ ಇದನ್ನು ಬರೆಯಲು ಕೂತೆ. ನಾಳೆ ಕಾಂಕ್ರೀಟು ಬೀಳುವ ಮೊದಲು, ಅಲ್ಲಿ ಯಾರೂ ಬದುಕಿರಲಿಲ್ಲವೆಂದು ಆ ಅಧಿಕಾರಿ ಊರ ಜನರ ಎದುರು, ಬಂಡೆಮ್ಮನ ಎದುರು, ನಿಂತು ಹೇಳಲಿ ನೋಡೋಣ.