ಮುಷ್ಟಿಯಲ್ಲಿ ಉಳಿದ ಕಡ್ಡಿ

ಲೈಪ್‌ಜಿಗ್
೧೪ ಮಾರ್ಚ್ ೧೯೨೮

ಪ್ರೀತಿಯ ಆಲ್ವಿನ್,

ನೀನೂ ಒಟಿಲಿಯೆಯೂ ಮಗುವೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಐದು ವಾರವಾಯಿತು. ಕೆಲಸ ಜಾಸ್ತಿ ಅಂತ ಸುಳ್ಳು ಹೇಳಬಹುದಿತ್ತು, ಹೇಳುವುದಿಲ್ಲ. ನಿನಗೆ ಬರೆಯಲು ಮುಖವಿರಲಿಲ್ಲ ಕಣೋ.

ಮಗನಿಗೆ ನನ್ನ ಹೆಸರಿಡುತ್ತೀರಂತೆ. "ನಿನ್ನ ನೋಡಲು ಜೈಲಿಗೆ ತಿಂಗಳು ತಪ್ಪದೆ ಬಂದವನು ಅವನೊಬ್ಬನೇ. ರೈನ್‌ಹೋಲ್ಡ್ ಅಂತಲೇ ಇಡೋಣ, ಬೇರೆ ಹೆಸರು ಯಾಕೆ?" ಎಂದು ಒಟಿಲಿಯೆ ಹಟ ಹಿಡಿದಿದ್ದಾಳೆಂದು ಬರೆದಿದ್ದೀಯ. ಅದನ್ನೋದಿದಾಗಿನಿಂದ ಊಟ ಸೇರುತ್ತಿಲ್ಲ.

ನಿನ್ನೆ ಪೆಟ್ಟಿಗೆ ತಡಕಿದಾಗ ನಮ್ಮ "ಶಿಳ್ಳೆ"ಯ ಕೊನೆಯ ಸಂಚಿಕೆ ಸಿಕ್ಕಿತು. ಪತ್ರಿಕೆ ಬದುಕಿದ್ದು ಮೂರೇ ಸಂಚಿಕೆ, ಜಗತ್ತನ್ನೇ ತಲೆಕೆಳಗು ಮಾಡುವ ಗತ್ತು ಮಾತ್ರ ಮುನ್ನೂರು ಸಂಚಿಕೆಯದು! ಸಿಪಾಯಿಗಳು ಬಂದೂಕುಗಳನ್ನು ನದಿಗೆಸೆಯುವ ನನ್ನ ಕವಿತೆ ಓದಿದೆ. ಎಷ್ಟು ಪೊಳ್ಳು ಮಾರಾಯ! ಅದಕ್ಕೆ ನನ್ನ ಹೆಸರನ್ನೂ ಹಾಕಿಕೊಂಡಿರಲಿಲ್ಲ. ಹಿಂಬದಿ ಪುಟದ ಕೆಳಗೆ ನಿನ್ನ ಹೆಸರಿತ್ತು: ಹೊಣೆಗಾರ ಸಂಪಾದಕ, ಆಲ್ವಿನ್ ಕ್ರೆಚ್ಮರ್.

ಕಾನೂನಿಗೆ ಒಂದು ಹೆಸರು ಬೇಕಿತ್ತು. ಪೊಲೀಸರು ಬಂದರೆ ಒಳಗೆ ಹೋಗುವವನು ಆ ಹೆಸರಿನವನೇ. ಅದಕ್ಕೇ ಅಲ್ಲವೇ ಪ್ರತಿ ಸಂಚಿಕೆಗೂ ನಾವಿಬ್ಬರು ಕಾಫಿ ಅಂಗಡಿಯಲ್ಲಿ ಕೂತು ಬೆಂಕಿಕಡ್ಡಿ ಎಳೆಯುತ್ತಿದ್ದದ್ದು? ಒಂದು ಇಡೀ ಕಡ್ಡಿ, ಒಂದು ಮುರಿದದ್ದು; ಮುರಿದದ್ದು ಬಂದವನ ಹೆಸರು ಅಚ್ಚಿಗೆ. ಮೂರನೆಯ ಸಲ ಕಡ್ಡಿಗಳನ್ನು ಮುಷ್ಟಿಯಲ್ಲಿ ಹಿಡಿದವನು ನಾನು, ಎಳೆದವನು ನೀನು. ಮುರಿದದ್ದು ನಿನ್ನ ಕೈಗೆ ಬಂತು. "ಹೋಗ್ಲಿ ಬಿಡೋ, ಜೈಲಲ್ಲಿ ನಿನ್ನ ಕವಿತೆ ಕೇಳೋ ಕಾಟ ಆದ್ರೂ ತಪ್ಪತ್ತೆ" ಎಂದು ನೀನು ನಕ್ಕಿದ್ದೆ.

ಆ ಕವಿತೆಯ ಮೇಲೆ ಕೇಸಾಗಿ, ಬರೆದವನು ಯಾರೆಂದು ನ್ಯಾಯಾಧೀಶರು ಗದರಿದಾಗಲೂ ನೀನು, "ಅಲ್ಲಿರೋ ಹೆಸರು ನಂದು, ಒಳಗೆ ಹೋಗೋನೂ ನಾನೇ. ಅವನ್ಯಾಕೆ ನಿಮಗೆ?" ಎಂದುಬಿಟ್ಟೆ. ಕವಿ ಹಿಂದಿನ ಬೆಂಚಿನಲ್ಲಿ ಟೋಪಿ ಹಿಸುಕುತ್ತ ಕೂತಿದ್ದ. ಹನ್ನೊಂದು ತಿಂಗಳಾದ ಮೇಲೆ ನೀನು ಹೊರಬಂದೆ, ಜೊತೆಗೆ ಆ ಹಾಳು ಕೆಮ್ಮು. ನಾನು ಸಾಸೇಜು ಕಟ್ಟಿಕೊಂಡು ಬರುತ್ತಿದ್ದದ್ದು ಪ್ರೀತಿಯಿಂದಲೇ, ಆದರೆ ಬರೀ ಪ್ರೀತಿಯಿಂದಲ್ಲ. ನಾಚಿಕೆಯಿಂದ ಸಾಯುತ್ತಿದ್ದೇನೆ.

ಮಗುವಿಗೆ ನಿನ್ನ ಅಪ್ಪನ ಹೆಸರಿಡು. ನೂರು ಕಾಲ ಬಾಳಲಿ, ಯಾರಿಗೂ ಹೆದರದೆ ಬೆಳೆಯಲಿ. ಒಟಿಲಿಯೆಗೆ ನನ್ನ ನೆನಪು ಹೇಳು, ಈ ಕಾಗದ ಓದಿ ಮುಗಿಸಿದ ಮೇಲೂ ಹೇಳಬೇಕೆನಿಸಿದರೆ.

ನಿನ್ನ
ರೈನ್‌ಹೋಲ್ಡ್

ತಾ.ಕ.: ಆ ದಿನ ನೀನು ಮುಷ್ಟಿ ಬಿಚ್ಚು ಅನ್ನಲಿಲ್ಲ. ನನ್ನನ್ನು ನಂಬಿದ್ದೆ. ನನ್ನ ಕೈಯಲ್ಲಿ ಉಳಿದ ಕಡ್ಡಿಯನ್ನು ಒಲೆಗೆ ಹಾಕಿದೆ. ಹೆದರಿದ್ದೆ, ಅಷ್ಟೇ. ಅದೂ ಮುರಿದದ್ದೇ, ಆಲ್ವಿನ್. ಎರಡನ್ನೂ ನಾನೇ ಮುರಿದಿದ್ದೆ.